ನೂರು ವರ್ಷಕ್ಕೊಮ್ಮೆ, ಪ್ರತಿ ವರ್ಷ

ದೊಡ್ಡ ಮಳೆ ನಿಂತು ಅರ್ಧ ಗಂಟೆಯೊಳಗೆ ಹೇಳಿಕೆ ಬಂದೇ ಬರುತ್ತದೆ. ರಸ್ತೆಯ ನೀರು ಇಳಿಯೋದಕ್ಕೆ ಮಾತ್ರ ಇನ್ನೂ ಎರಡು ದಿನ ಬೇಕು. 'ಇದು ನೂರು ವರ್ಷಕ್ಕೊಮ್ಮೆ ಬರುವ ಮಳೆ. ಯಾರೂ ನಿರೀಕ್ಷಿಸಿರಲಿಲ್ಲ.' ಹೋದ ವರ್ಷವೂ ಇದೇ ಹೇಳಿಕೆ. ಅದರ ಹಿಂದಿನ ವರ್ಷವೂ ಇದೇ. ಲೆಕ್ಕ ಹಾಕಿದರೆ ನಾವೆಲ್ಲ ಆಗಲೇ ಮುನ್ನೂರು ವರ್ಷ ಬದುಕಿದ ಹಾಗಾಯಿತು. ಇಷ್ಟು ಆಯುಸ್ಸು ಕೊಟ್ಟ ನಗರಾಡಳಿತಕ್ಕೆ ಕೈ ಮುಗಿಯೋದು ಬಿಟ್ಟು ಜನ ಬೈತಾರಲ್ಲ!

ಈ ನೂರು ವರ್ಷದ ಮಾತು ಪೂರ್ತಿ ಸುಳ್ಳೇನಲ್ಲ. ಎಂಜಿನಿಯರುಗಳು ಹಾಗೆ ಹೇಳುವುದುಂಟು. ಅವರ ಅರ್ಥ ಇಷ್ಟೇ: ಯಾವುದೇ ಒಂದು ವರ್ಷದಲ್ಲಿ ಅಷ್ಟು ಮಳೆ ಬರುವ ಸಾಧ್ಯತೆ 100ಕ್ಕೆ 1. ಈ ವರ್ಷ ಬಂದರೂ ಮುಂದಿನ ವರ್ಷ ಮತ್ತೆ 100ಕ್ಕೆ 1. 'ಹೋದ ಸಲ ಬಂದಿದ್ದೆ, ಈ ಸಲ ಬೇಡ' ಅನ್ನೋ ಸಂಕೋಚ ಮಳೆಗಿಲ್ಲ. 30 ವರ್ಷದ ಗೃಹಸಾಲ ಮಾಡಿದವನು ಸಾಲ ತೀರುವುದರೊಳಗೆ ಅಂಥ ಮಳೆಯನ್ನು ಒಮ್ಮೆಯಾದರೂ ನೋಡುವ ಸಾಧ್ಯತೆ ಶೇ 26. ಆದರೆ ಎಂಜಿನಿಯರ್ ಬಾಯಿಂದ ಹೊರಟ ಈ ಮಾತು ಮೈಕಿಗೆ ತಲುಪುವಷ್ಟರಲ್ಲಿ ಪಂಚಾಂಗ ಆಗಿಬಿಟ್ಟಿರುತ್ತದೆ. ಬಂದು ಹೋಯಿತಲ್ಲ, ಇನ್ನೇನಿದ್ದರೂ ಮೊಮ್ಮಕ್ಕಳ ಕಾಲಕ್ಕೆ! ಜೊತೆಗೆ, ಆ ಲೆಕ್ಕ ನಿಂತಿರುವುದು ಹಳೆಯ ಮಳೆಯ ದಾಖಲೆಗಳ ಮೇಲೆ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ತೇವ ಹಿಡಿದುಕೊಳ್ಳಬಲ್ಲದು. ಇದು ಮೋಡಗಳಿಗೆ ತಲುಪಿದೆ, ಕಡತಕ್ಕೆ ಇನ್ನೂ ತಲುಪಿಲ್ಲ.

ಇನ್ನೊಂದು ಗುಟ್ಟು ಹೇಳಲಾ? ರಸ್ತೆ ಪಕ್ಕದ ಮಳೆನೀರು ಚರಂಡಿಯನ್ನು ನೂರು ವರ್ಷದ ಮಳೆಗೆ ಯಾರೂ ಕಟ್ಟುವುದೇ ಇಲ್ಲ. ಸಾಮಾನ್ಯವಾಗಿ 2ರಿಂದ 10 ವರ್ಷಕ್ಕೊಮ್ಮೆ ಬರುವ ಮಳೆಗೆ ಅದರ ಅಳತೆ. ಅದಕ್ಕಿಂತ ಜಾಸ್ತಿ ಬಂದರೆ ನೀರು ರಸ್ತೆಗೆ ಉಕ್ಕುತ್ತದೆ ಅಂತ ನಕ್ಷೆ ಬರೆದವರಿಗೆ ಗೊತ್ತು. ಉಕ್ಕಿದ ನೀರು ಎಲ್ಲಿ ಹರಿಯಬೇಕು, ಎಲ್ಲಿ ನಿಲ್ಲಬೇಕು ಅಂತ ಮೊದಲೇ ಯೋಚಿಸಿಡುವುದು ಕೆಲಸದ ಇನ್ನೊಂದು ಅರ್ಧ. ಆ ಅರ್ಧಕ್ಕೆ ಟೆಂಡರ್ ಕರೆದದ್ದನ್ನು ಕಂಡವರಿಲ್ಲ.

ಈಗ ಸ್ವಲ್ಪ ಗಣಿತ. ಹೆದರಬೇಡಿ, ಬರೀ ಗುಣಾಕಾರ. ಹರಿದುಬರುವ ನೀರನ್ನು ಲೆಕ್ಕ ಹಾಕುವ ದಾರಿಯನ್ನು ಐರ್ಲೆಂಡಿನ ಎಂಜಿನಿಯರ್ ಥಾಮಸ್ ಮಲ್ವೇನಿ 1851ರಲ್ಲೇ ತೋರಿಸಿಕೊಟ್ಟಿದ್ದರು. ಸಣ್ಣ ಪ್ರದೇಶಗಳ ಚರಂಡಿಗೆ ಇಂದಿಗೂ ಅದೇ ಸೂತ್ರ. ಮೂರನ್ನು ಗುಣಿಸಬೇಕು: ಮಳೆ ಎಷ್ಟು ಜೋರು, ಜಾಗ ಎಷ್ಟು ದೊಡ್ಡದು, ಬಿದ್ದ ನೀರಲ್ಲಿ ಎಷ್ಟು ಪಾಲು ಹಿಂಗದೆ ಹರಿದುಹೋಗುತ್ತದೆ. ಈ ಮೂರನೆಯದು ನೆಲದ ಗುಣ. ಹುಲ್ಲುಹಾಸಾದರೆ 0.1ರಿಂದ 0.3ರ ಆಸುಪಾಸು. ಡಾಂಬರು, ಕಾಂಕ್ರೀಟ್ ಆದರೆ 0.7ರಿಂದ 0.95.

ಮಳೆಯ ಜೋರು ನಮ್ಮ ಕೈಲಿಲ್ಲ. ಜಾಗದ ಅಳತೆಯೂ ಇಲ್ಲ. ಕೈಲಿರುವುದು ಮೂರನೆಯದೊಂದೇ. ನಾವು ಕೈ ಹಾಕಿದ್ದೂ ಅದಕ್ಕೇ! ಹುಲ್ಲು ಕಿತ್ತು ಟೈಲ್ಸ್ ಹಾಕಿದೆವು. ಮರದ ಬುಡಕ್ಕೂ ಕಾಂಕ್ರೀಟ್ ಸುರಿದು 'ಸುಂದರೀಕರಣ' ಅಂತ ಬೋರ್ಡು ನೆಟ್ಟೆವು. ಕೆರೆ ಮುಚ್ಚಿ ಬಡಾವಣೆ ಮಾಡಿದೆವು, ಮಾರುವಾಗ ಮಾತ್ರ ಹೆಸರಲ್ಲಿ 'ಲೇಕ್ ವ್ಯೂ' ಉಳಿಸಿಕೊಂಡೆವು. ಮಳೆಗಾಲದಲ್ಲಿ ಆ ಹೆಸರಿಗೆ ಮೋಸವಾಗುವುದಿಲ್ಲ, ಅಷ್ಟು ಪ್ರಾಮಾಣಿಕತೆ ಬಿಲ್ಡರುಗಳಲ್ಲಿ ಇದೆ. ಹೀಗೆ ಮೊದಲಿಗಿಂತ ಮೂರು ಪಟ್ಟು, ನಾಲ್ಕು ಪಟ್ಟು ನೀರು ಅದೇ ಹಳೆಯ ಚರಂಡಿಗೆ ಬಂತು. ಆಮೇಲೆ ಸಮಿತಿ ಕೂತು ತನಿಖೆ ನಡೆಸಿತು. ಸೂತ್ರದಲ್ಲಿರುವ ಮೂವರು ಆರೋಪಿಗಳಲ್ಲಿ ಮಳೆ ಒಂದೇ ಅಪರಾಧಿ ಅಂತ ತೀರ್ಮಾನವಾಯಿತು. ಮಳೆಗೆ ವಕೀಲರಿಲ್ಲ ನೋಡಿ.

ಆ ನೀರಾದರೂ ಕಡಿಮೆಯೇನಲ್ಲ. 100 ಚದರ ಮೀಟರ್ ಚಾವಣಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್. ಅಷ್ಟು ನೀರಿನ ಟ್ಯಾಂಕರಿಗಾಗಿ ಬೇಸಿಗೆಯಲ್ಲಿ ಫೋನ್ ಮೇಲೆ ಫೋನ್ ಮಾಡಿ ಗೋಗರೆದಿರುತ್ತೇವೆ. ಮಳೆಗಾಲದಲ್ಲಿ ಅದೇ ನೀರು ಕರೆಯದೆ ಒಳಗೆ ಬಂದರೆ ಪೊರಕೆ ಹಿಡಿದು ಅಟ್ಟುತ್ತೇವೆ.

ಹೂಳೆತ್ತುವುದಂತೂ ಒಂದು ಕಲೆ. ಚರಂಡಿಯಿಂದ ಹೂಳು ಎತ್ತಿ ಅದರ ದಂಡೆ ಮೇಲೇ ಗುಡ್ಡೆ ಹಾಕಬೇಕು. ಫೋಟೊ ತೆಗೆಯಬೇಕು. ಬಿಲ್ ಪಾಸಾಗಬೇಕು. ಮೊದಲ ಮಳೆಗೆ ಗುಡ್ಡೆ ತಾನೇ ಚರಂಡಿಗೆ ಇಳಿಯುತ್ತದೆ, ಸಾಗಣೆ ಖರ್ಚಿಲ್ಲ, ಮುಂದಿನ ವರ್ಷಕ್ಕೂ ಕೆಲಸ ಉಂಟು. ರಸ್ತೆಯ ಕಥೆಯೂ ಹೀಗೇ. ಹಳೆ ಡಾಂಬರು ಕೆರೆದು ತೆಗೆಯದೆ ಪದರದ ಮೇಲೆ ಪದರ ಹಾಸಿ, ಈಗ ರಸ್ತೆ ಹೊಸಿಲಿಗಿಂತ ಎತ್ತರ. ಮೋರಿಯ ಬಾಯಿ ಡಾಂಬರಿನಡಿ ಹೂತುಹೋಗಿದೆ. ತೆರೆದಿರುವ ಬಾಗಿಲು ನಿಮ್ಮ ಮನೆಯದೊಂದೇ. ಅಂಡರ್‌ಪಾಸಿನಲ್ಲಿ ಇನ್ನೂ ಮಜಾ: ಪಂಪ್ ಹಚ್ಚಿ ನೀರನ್ನು ಮೇಲಿನ ರಸ್ತೆಗೆ ಬಿಡುತ್ತಾರೆ, ಅದು ಇಳಿಜಾರು ಹಿಡಿದು ಮತ್ತೆ ಅಂಡರ್‌ಪಾಸಿಗೇ ಬರುತ್ತದೆ. ಪಂಪಿಗೆ ಬಾಡಿಗೆ ಗಂಟೆ ಲೆಕ್ಕ ಅಲ್ವಾ?

ನಮ್ಮವರು ಕಲಿಯುವುದಿಲ್ಲ ಅನ್ನಬೇಡಿ, ಅಧ್ಯಯನ ಪ್ರವಾಸ ಹೋಗುತ್ತಾರೆ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮಿನಲ್ಲಿ ಬೆಂಥೆಮ್‌ಪ್ಲೇನ್ ಅಂತ ಒಂದು ಚೌಕ ಇದೆ, 2013ರಲ್ಲಿ ಆದದ್ದು. ಆಟದ ಅಂಗಳವನ್ನೇ ತಗ್ಗಾಗಿ ಕಟ್ಟಿದ್ದಾರೆ. ಬಿಸಿಲಿದ್ದಾಗ ಮಕ್ಕಳು ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ, ಜೋರು ಮಳೆ ಬಂದರೆ ಅದು ನೀರು ಹಿಡಿಯುವ ತೊಟ್ಟಿ. ಇದನ್ನು ನೋಡಿ ಬಂದವರಿಗೆ ಅಚ್ಚರಿಯೇ ಆಗಿರಲಿಕ್ಕಿಲ್ಲ. ಇಲ್ಲಿ ಆಟದ ಮೈದಾನ ಮಾತ್ರವಲ್ಲ, ಆಸ್ಪತ್ರೆಯ ಅಂಗಳ, ಪಾರ್ಕಿಂಗ್ ನೆಲಮಾಳಿಗೆ ಎಲ್ಲವೂ ನೀರು ಹಿಡಿಯುತ್ತವೆ, ಅದೂ ವಿನ್ಯಾಸದ ಖರ್ಚಿಲ್ಲದೆ. ಕೋಪನ್‌ಹೇಗನ್ 2011ರ ಜುಲೈ 2ರಂದು ಮುಳುಗಿತು. ಎರಡು ಮೂರು ಗಂಟೆಯಲ್ಲಿ ಸುಮಾರು 150 ಮಿ.ಮೀ. ಮಳೆ. ಮುಂದಿನ ವರ್ಷವೇ ಅಲ್ಲಿ ಯೋಜನೆ ಸಿದ್ಧವಾಯಿತು: ಇಂಥ ರಸ್ತೆಯಲ್ಲಿ ನೀರು ಹರಿಯಲಿ, ಇಂಥ ಪಾರ್ಕಿನಲ್ಲಿ ನಿಲ್ಲಲಿ ಅಂತ. ನೀರು ಯಾವ ರಸ್ತೆಯಲ್ಲಿ ಹರಿಯುತ್ತದೆ ಅನ್ನೋದು ಇಲ್ಲೂ ಚೆನ್ನಾಗಿ ಗೊತ್ತು, ಬೈಕಿನಲ್ಲಿ ಪಾರ್ಸೆಲ್ ತಲುಪಿಸುವ ಹುಡುಗರಿಗೆ. ಅವರನ್ನು ಯಾವ ಸಮಿತಿಗೂ ಕರೆದಿಲ್ಲ.

ನಿಜಕ್ಕೂ ಕೈ ಮೀರುವ ಮಳೆಗಳೂ ಇವೆ. ಚೀನಾದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ರಂದು ಒಂದೇ ಗಂಟೆಯಲ್ಲಿ 201.9 ಮಿ.ಮೀ. ಸುರಿಯಿತು. ಮೆಟ್ರೊ ಸುರಂಗದಲ್ಲೇ 14 ಜನ ಸತ್ತರು. ಅಲ್ಲಿ ತಮಾಷೆಗೆ ಜಾಗವಿಲ್ಲ. ಆದರೆ ಅರ್ಧ ಗಂಟೆಯ ಮಾಮೂಲಿ ಮಳೆಯೂ ಅದೇ ಬಿರುದು ಹೊತ್ತು ಓಡಾಡಿದರೆ ಹೇಗೆ?

ಇನ್ನು ದುಡ್ಡಿನ ಮಾತು. ಜರ್ಮನಿಯ ಬಹಳಷ್ಟು ಊರುಗಳಲ್ಲಿ ಮನೆಯವರು ಎಷ್ಟು ನೆಲ ಮುಚ್ಚಿದ್ದಾರೆ ಅಂತ ನೋಡಿ ಮಳೆನೀರಿನ ಶುಲ್ಕ ಹಾಕುತ್ತಾರೆ. ನೆಲ ಬಿಟ್ಟರೆ ಶುಲ್ಕ ಕಮ್ಮಿ. ಅಮೆರಿಕದ ಮೇರಿಲ್ಯಾಂಡಿನಲ್ಲಿ 2012ರಲ್ಲಿ ಇಂಥದ್ದೇ ಕಾನೂನು ಬಂತು. ವಿರೋಧಿಗಳು ಅದಕ್ಕೆ 'ಮಳೆ ತೆರಿಗೆ' ಅಂತ ಹೆಸರಿಟ್ಟು ಗೇಲಿ ಮಾಡಿದರು. 2015ರಲ್ಲಿ ಶುಲ್ಕ ಕಡ್ಡಾಯ ಅನ್ನೋದನ್ನೇ ತೆಗೆದರು. ಮಳೆಗೆ ಯಾರಾದರೂ ದುಡ್ಡು ಕೊಡ್ತಾರಾ?

ಕೊಡ್ತಾರೆ. ಸೋಫಾ ಅಂಗಡಿಯಲ್ಲಿ ಕೊಡ್ತಾರೆ, ಫ್ರಿಜ್ ರಿಪೇರಿಯವನಿಗೆ ಕೊಡ್ತಾರೆ, ಗ್ಯಾರೇಜಿನಲ್ಲಿ ಕೊಡ್ತಾರೆ. ಕಾರಿಗೆ ವಿಮೆ ಇದೆಯಲ್ಲ ಅಂತ ಧೈರ್ಯವಾಗಿ ಹೋದರೆ ಸರ್ವೇಯರ್ ಒಂದೇ ಪ್ರಶ್ನೆ ಕೇಳುತ್ತಾನೆ: 'ನೀರಲ್ಲಿ ನಿಂತಿದ್ದಾಗ ಎಂಜಿನ್ ಸ್ಟಾರ್ಟ್ ಮಾಡಿದ್ರಾ ಸಾರ್?' ಮಾಡಿದ್ದೆ ಅಂದರೆ ಎಷ್ಟೋ ಪಾಲಿಸಿಗಳಲ್ಲಿ ಎಂಜಿನ್ನಿಗೆ ಹಣ ಬರೋಲ್ಲ. ಅಲ್ಲಿ ಹೋಗಿ 'ಇದು ನೂರು ವರ್ಷಕ್ಕೊಮ್ಮೆ ಬರುವ ಮಳೆ, ನಾನೂ ನಿರೀಕ್ಷಿಸಿರಲಿಲ್ಲ' ಅಂತ ಒಮ್ಮೆ ಹೇಳಿಕೆ ಕೊಟ್ಟು ನೋಡಿ.