ಮೊಣಕಾಲುದ್ದದ ಮಳೆಕಾಡು

ಮೊದಲ ಸಲ ಮ್ಯಾಂಗೋಸ್ಟೀನ್ ತಿಂದಾಗ ಎರಡು ಸಂಗತಿ ನಡೆದವು. ಇದರ ಮರ ನಮ್ಮಲ್ಲಿರಲೇಬೇಕು ಅಂತ ತೀರ್ಮಾನಿಸಿದೆ. ನನ್ನ ಬಿಳಿ ಅಂಗಿ ಹಾಳಾಯಿತು. ಒಳಗಿನ ಬೆಳ್ಳನೆ ತೊಳೆ ಪಾಪದ್ದು, ಕಿಡಿಗೇಡಿತನವೆಲ್ಲ ಸಿಪ್ಪೆಯದ್ದು. ಅದರ ನೇರಳೆ ರಸ ಬಟ್ಟೆಗೆ ತಾಗಿದರೆ ಯಾವ ಸೋಪಿಗೂ ಜಗ್ಗುವುದಿಲ್ಲ. ಆ ಅಂಗಿಗೆ ಈಗ ನೆಲ ಒರೆಸುವ ಕೆಲಸ.

ಬೀಜ ಅಂದ ಮೇಲೆ ಒಣಗಿಸಬೇಕು ಅಲ್ವಾ? ತೊಳೆದು, ಹದಿನೈದು ದಿನ ಬಿಸಿಲಿಗಿಟ್ಟು, ಬಾಟಲಿಗೆ ತುಂಬಿ, ಹೆಸರು ತಾರೀಕು ಬರೆದ ಚೀಟಿ ಅಂಟಿಸಿದೆ. ಆಮೇಲೆ ಬಿತ್ತಿ ಎರಡು ತಿಂಗಳು ನೀರು ಹಾಕಿದೆ. ಕುಂಡದ ತುಂಬ ಹುಲ್ಲು ಬಂತು. ಇದು ಆಗ್ನೇಯ ಏಷ್ಯಾದ ಒದ್ದೆ ಕಾಡಿನ ಬೀಜ, ಒಣಗಿ ಕಾಯುವ ಅಭ್ಯಾಸವೇ ಅದಕ್ಕಿಲ್ಲ. ಹಣ್ಣಿನಿಂದ ತೆಗೆದು ಕೆಲವು ದಿನ ಒಣಗಿದರೆ ಸತ್ತೇ ಹೋಗುತ್ತದೆ. ನಾನು ತಾರೀಕು ಬರೆದಿಟ್ಟದ್ದು ಹೆಣಕ್ಕೆ.

ಎರಡನೇ ಬೀಜ ಬಾಯಿಂದ ನೇರ ಮಣ್ಣಿಗೆ ಹೋಯಿತು. ಮೂರು ವಾರಕ್ಕೆ ಮೊಳಕೆ! ಒಂದಿಷ್ಟು ಎಲೆ ಬಂದ ಕೂಡಲೇ ದೊಡ್ಡ ಕುಂಡಕ್ಕೆ ಬದಲಿಸೋಣ ಅಂತ ಮೆಲ್ಲಗೆ ಎಳೆದೆ. ‘ಟಕ್’ ಅಂದಿತು. ತಾಯಿಬೇರು. ಈ ಗಿಡದ ತಾಯಿಬೇರು ಉದ್ದ, ನಾಜೂಕು. ಪಕ್ಕದ ಬೇರುಗಳು ತೀರಾ ಕಡಿಮೆ. ಹೆಂಡತಿ ಅದೇ ಹೊತ್ತಿಗೆ ಹಾದುಹೋದಳು, ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋಯಿಸಿತು.

ಮೂರನೆಯದಕ್ಕೆ ಬಿಸಿಲು ತಿನ್ನಿಸಿದೆ. ಇಸ್ತ್ರಿಪೆಟ್ಟಿಗೆ ತಾಗಿದ ಹಾಗೆ ಎಲೆ ಸುಟ್ಟಿತು. ಮೊದಲ ಎರಡು ಮೂರು ವರ್ಷ ಇದಕ್ಕೆ ನೆರಳೇ ಬೇಕಂತೆ.

ನಾಲ್ಕನೆಯದು ಬದುಕಿತು, ಯಾಕೆಂದರೆ ಅದನ್ನು ನೋಡಿಕೊಂಡದ್ದು ಹೆಂಡತಿ. ಆಳವಾದ ಕುಂಡ, ಎಲೆಗೊಬ್ಬರ ಬೆರೆಸಿದ ಮಣ್ಣು, ದೊಡ್ಡ ಮರದ ನೆರಳು, ಬುಡಕ್ಕೆ ತರಗೆಲೆ. ಮಣ್ಣು ಒಣಗಬಾರದು, ನೀರು ನಿಲ್ಲಲೂಬಾರದು. ಮೂರು ವರ್ಷದಲ್ಲಿ ಮೊಣಕಾಲಿನವರೆಗೆ ಬಂದಿದೆ. ನನ್ನ ಮೊಣಕಾಲಲ್ಲ, ಮಗಳದ್ದು. ತಿಂಗಳುಗಟ್ಟಲೆ ಸುಮ್ನೆ ನಿಂತಿರುತ್ತದೆ. ಒಂದು ಬೆಳಿಗ್ಗೆ ನೋಡಿದರೆ ತುದಿಯಲ್ಲಿ ನಸುಗೆಂಪು ಎಲೆ, ಜೋಡಿಯಾಗಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಾ.

ಇದರ ಬೀಜಕ್ಕೆ ಪರಾಗದ ಹಂಗಿಲ್ಲ. ಗಂಡಿಲ್ಲದೆಯೇ ಬೀಜ ಕಟ್ಟುತ್ತದೆ, ಮರಿ ಅಮ್ಮನ ಪಡಿಯಚ್ಚು. ಓದಿದ್ದನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು.

“ನೋಡಿ, ಅದಕ್ಕೂ ಗೊತ್ತು” ಅಂದಳು ಹೆಂಡತಿ.

ಬೀಜದ ಗಿಡ ಫಲ ಕೊಡಲು 7ರಿಂದ 10 ವರ್ಷ ಬೇಕು, ಜಾಸ್ತಿಯೂ ಆಗಬಹುದು. ಮಗಳು ಬೆರಳು ಮಡಚಿ ಎಣಿಸಿದಳು. “ಅಪ್ಪಾ, ಅಷ್ಟೊತ್ತಿಗೆ ನಾನು ಕಾಲೇಜಲ್ಲಿರ್ತೀನಿ.” ಹಣ್ಣಿನ ತಳದಲ್ಲಿ ಪುಟ್ಟ ಹೂವಿನಂಥ ಗುರುತಿರುತ್ತದೆ. ಅದರ ಎಸಳು ಎಷ್ಟೋ ಒಳಗೆ ತೊಳೆ ಅಷ್ಟೇ. ಇದು ತಿಳಿದ ದಿನವೇ ಅವಳು ಪಾಲು ಮಾಡಿಬಿಟ್ಟಿದ್ದಾಳೆ: ಆರು ತೊಳೆ ಇದ್ದರೆ ಅವಳಿಗೆ ಮೂರು, ಅಮ್ಮನಿಗೆ ಮೂರು. ನನಗೆ ಸಿಪ್ಪೆ ಬಿಡಿಸುವ ಕೆಲಸ. ಬಿಳಿ ಅಂಗಿ ಮಾತ್ರ ಹಾಕಬಾರದಂತೆ.