ಬಂಗಾಳ ಕೊಲ್ಲಿಯಲ್ಲಿ ಕೊಡಗಿನ ಪಾಲು

ಕೊಡಗಿಗೆ ಕಡಲಿಲ್ಲ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಪೂರ್ತಿ ಸರಿಯಲ್ಲ. ಕಡಲಿದೆ, ನಮ್ಮ ಹೆಸರಿಗೆ ಖಾತೆ ಆಗಿಲ್ಲ, ಅಷ್ಟೇ. ಯಾವತ್ತೋ ತೀರಿಕೊಂಡ ಮುತ್ತಜ್ಜನ ಹೆಸರನ್ನು ತಲೆಮಾರುಗಳಿಂದ ಬಂದ ಜಮ್ಮಾ ಬಾಣೆ ಜಮೀನಿನ ಆರ್‌ಟಿಸಿಯಲ್ಲಿ ಇಟ್ಟುಕೊಂಡೇ ಬದುಕುವವರಿಗೆ ಇದೇನು ದೊಡ್ಡ ತೊಂದರೆಯಲ್ಲ.

ನಮ್ಮ ಹಕ್ಕಿನ ವಾದ ಸುಲಭವಾಗಿದೆ. ಮಕ್ಕಂದೂರು, ಹಟ್ಟಿಹೊಳೆ ಕಡೆಯ ಮಣ್ಣು ಹಾರಂಗಿಗೆ ಇಳಿಯುತ್ತದೆ. ಹಾರಂಗಿ ಕಾವೇರಿಗೆ, ಕಾವೇರಿ ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿಗೆ. 2018ರ ಮಳೆಯಲ್ಲಿ ಗುಡ್ಡಕ್ಕೆ ಗುಡ್ಡವೇ ಜಾರಿತು. ಎಷ್ಟೋ ಜನರ ಮನೆ, ತೋಟ ಜೊತೆಗೇ ಹೋದವು. ಅವರ ಗಡಿಕಲ್ಲು ಈಗ ಎಲ್ಲಿದೆ ಅಂತ ಯಾವ ಸರ್ವೆಯವರೂ ಹೇಳಲಾರರು. ಈ ಕಡೆ ಪಯಸ್ವಿನಿ, ಬರಪೊಳೆ ಅರಬ್ಬಿ ಸಮುದ್ರ ಸೇರುತ್ತವೆ. ಅಂದರೆ ಎರಡೂ ಕಡಲಿನ ತಳದಲ್ಲಿ ನಮ್ಮ ಮಣ್ಣಿದೆ. ಮಣ್ಣು ನಮ್ಮದಾದರೆ ತಳವೂ ನಮ್ಮದೇ ಅಲ್ವಾ?

ನಗಬೇಡಿ. ಇದನ್ನೇ ದೇಶಗಳು ಕರಿ ಕೋಟಿನವರನ್ನು ಇಟ್ಟುಕೊಂಡು ವಾದಿಸುತ್ತವೆ. ಕಡಲಡಿಯ ಖಂಡಾವರಣ ಪ್ರದೇಶ ಅಂದರೆ ದಡದ ನೆಲವೇ ನೀರಿನೊಳಗೆ ಸಹಜವಾಗಿ ಮುಂದುವರಿದದ್ದು ಅಂತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1969ರಲ್ಲಿ ಹೇಳಿತು. ಅದು ಉತ್ತರ ಸಮುದ್ರದ ಕೇಸು. ಜರ್ಮನಿಯ ಕರಾವಳಿ ಒಳಕ್ಕೆ ಬಾಗಿದೆ. ಆ ಪಕ್ಕ ಡೆನ್ಮಾರ್ಕ್, ಈ ಪಕ್ಕ ನೆದರ್ಲೆಂಡ್ಸ್. ಇಬ್ಬರ ದಡದಿಂದಲೂ ಸಮದೂರದಲ್ಲಿ ಗೆರೆ ಎಳೆಯೋಣ ಅಂದರು ಇವರಿಬ್ಬರು. ಹಾಗೆ ಎಳೆದರೆ ಜರ್ಮನಿಗೆ ಉಳಿಯುವುದು ಮೂಲೆಯ ಒಂದು ತುಂಡು. ಸಮದೂರ ಕಡ್ಡಾಯವೇನಲ್ಲ, ನ್ಯಾಯವಾಗಿ ಮಾತಾಡಿಕೊಳ್ಳಿ ಅಂತ ಕೋರ್ಟು ಮೂವರನ್ನೂ ಮನೆಗೆ ಕಳಿಸಿತು. ಕೆಳಗೆ ತೈಲ, ಗ್ಯಾಸ್ ಇರುವ ವಾಸನೆ ಎಲ್ಲರಿಗೂ ಬಡಿದಿತ್ತು. ಬರೀ ಕೆಸರಿಗೆ ಯಾರೂ ವಕೀಲರನ್ನು ಇಡುವುದಿಲ್ಲ.

ಅಲ್ಲಿಂದ ಶುರುವಾಯಿತು ಕೆಸರಿನ ಜಾತಕ ನೋಡುವ ಕೆಲಸ. ನಮ್ಮಿಬ್ಬರ ನಡುವೆ ಕಡಲಡಿಯಲ್ಲಿ ಆಳದ ಬಿರುಕಿದೆ, ಅದೇ ಗಡಿ ಅಂತ ಮಾಲ್ಟಾ ವಿರುದ್ಧ ಲಿಬಿಯಾ ವಾದಿಸಿತು. 200 ನಾಟಿಕಲ್ ಮೈಲಿ ಒಳಗೆ ಭೂಗರ್ಭದ ಕಥೆ ಬೇಡ, ದೂರ ನೋಡಿದರೆ ಸಾಕು ಅಂತ 1985ರಲ್ಲಿ ಅದೇ ಕೋರ್ಟು ಹೇಳಿತು. ಅದರಾಚೆಗೆ ಹಕ್ಕು ಬೇಕಾದರೆ ಮಾತ್ರ ಮತ್ತೆ ಭೂಗರ್ಭ ಬೇಕು. 1982ರ ಸಮುದ್ರ ಕಾನೂನು ಒಪ್ಪಂದದಲ್ಲಿ ಇದಕ್ಕಿರುವ ಒಂದು ದಾರಿ, ಹೂಳಿನ ದಪ್ಪ ಅಳೆದು ತೋರಿಸುವುದು. ಕಡಲಡಿಯ ಇಳಿಜಾರಿನ ಬುಡದಿಂದ ಎಷ್ಟು ದೂರವೋ, ಅದರ ನೂರರಲ್ಲೊಂದು ಪಾಲಾದರೂ ಹೂಳು ದಪ್ಪ ಇರಬೇಕು.

ಹೂಳು! ನಮ್ಮ ಜಿಲ್ಲೆಯ ಬಳಿ ಧಾರಾಳವಾಗಿ ಇರುವ ಒಂದೇ ಆಸ್ತಿ.

ನಿಮ್ಮ ಹೂಳು ಹಾರಂಗಿಯಲ್ಲಿ, ಕನ್ನಂಬಾಡಿ ಕಟ್ಟೆಯಲ್ಲಿ, ಮೆಟ್ಟೂರಿನಲ್ಲೇ ನಿಂತಿದೆಯಲ್ಲ ಅಂತ ಎದುರು ವಕೀಲರು ಕೇಳಬಹುದು. ಅಣೆಕಟ್ಟು ಕಟ್ಟಿದ್ದು ಮೊನ್ನೆ, ಕಾವೇರಿ ಮಣ್ಣು ಹೊರುತ್ತಿರುವುದು ಯಾವ ಕಾಲದಿಂದಲೋ ಅಂತ ಉತ್ತರ ಬರೆದಿಟ್ಟಿದ್ದೇನೆ. ನನಗಿರುವ ಹೆದರಿಕೆ ಬೇರೆ. ಬಂಗಾಳ ಕೊಲ್ಲಿಯ ತಳದ ಮಣ್ಣು ನಮ್ಮ ನೆಲದ್ದೇ ಮುಂದುವರಿಕೆ, ಮ್ಯಾನ್ಮಾರ್‌ಗೆ ಅಲ್ಲಿ ಹಾಗೆ ಹೇಳಲು ಏನೂ ಇಲ್ಲ ಅಂತ ಬಾಂಗ್ಲಾದೇಶ ಹ್ಯಾಂಬರ್ಗ್‌ನ ಸಮುದ್ರ ನ್ಯಾಯಮಂಡಳಿಯಲ್ಲಿ ವಾದಿಸಿ, 2012ರಲ್ಲಿ ಆ ಮಾತು ಬಿದ್ದುಹೋಯಿತು. ನಿಜ ಹೇಳಬೇಕೆಂದರೆ ಆ ಮಣ್ಣು ಹಿಮಾಲಯದ್ದು. ಕಳಿಸಿದವರಲ್ಲಿ ನೇಪಾಳವೂ ಇದೆ. ನೇಪಾಳವನ್ನು ಯಾರಾದರೂ ಕರೆದು ಟೀ ಕೊಟ್ಟರಾ?

ಇನ್ನು ದ್ವೀಪಗಳು. ಕಪ್ಪು ಸಮುದ್ರದ ಸರ್ಪ ದ್ವೀಪ ಸುಮಾರು 17 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 42 ಎಕರೆ. ಇಲ್ಲಿ ಅದೊಂದು ಸಾಧಾರಣ ಕಾಫಿ ತೋಟ. ಅದನ್ನು ಮುಂದಿಟ್ಟುಕೊಂಡು ಉಕ್ರೇನ್ ರೊಮೇನಿಯಾ ಕಡೆಗೆ ಕಡಲು ಕೇಳಿತು. ಸುತ್ತ 12 ಮೈಲಿ ಇಟ್ಟುಕೊಳ್ಳಿ, ಗೆರೆ ಎಳೆಯುವಾಗ ಅದು ಇಲ್ಲ ಅಂತಲೇ ಲೆಕ್ಕ ಅಂತ 2009ರಲ್ಲಿ ತೀರ್ಪಾಯಿತು. ಭಾರತದವರಾದ ನಾವೂ ಬಾಂಗ್ಲಾದೇಶವೂ ಒಂದು ಹೆಜ್ಜೆ ಮುಂದೆ. 1970ರ ಚಂಡಮಾರುತದ ನಂತರ ಮೇಲೆದ್ದ ನ್ಯೂ ಮೂರ್ ಎಂಬ ಮರಳದಿಬ್ಬಕ್ಕೆ ಜಗಳವಾಡಿದೆವು. 2010ರ ಹೊತ್ತಿಗೆ ಅದು ಯಾರ ಪರವಾಗಿಯೂ ಸಾಕ್ಷಿ ಹೇಳದೆ ಮುಳುಗಿತ್ತು.

2014ರಲ್ಲಿ ಭಾರತ, ಬಾಂಗ್ಲಾದೇಶದ ಕಡಲ ಗಡಿ ಕೇಸಿನ ತೀರ್ಪು ಬಂದಾಗ ಒಂದು ಚೂರು ಜಾಗ ವಿಚಿತ್ರವಾಗಿ ಉಳಿಯಿತು. ಅಲ್ಲಿ ತಳ ಬಾಂಗ್ಲಾದೇಶದ್ದು, ಮೇಲಿನ ನೀರು ಭಾರತದ್ದು. ಈಜುವ ಮೀನು ಭಾರತೀಯ. ಆದರೆ ತಳ ಬಿಡದೆ ತೆವಳುವ ಜೀವಿ ತಳದ ಮಾಲೀಕರಿಗೆ ಅನ್ನುತ್ತದೆ ಕಾನೂನು. 1960ರ ದಶಕದಲ್ಲಿ ಬ್ರೆಜಿಲ್ ಮತ್ತು ಫ್ರಾನ್ಸ್ ಲಾಬ್‌ಸ್ಟರ್ ತೆವಳುತ್ತದೋ ಈಜುತ್ತದೋ ಅಂತ ಯುದ್ಧನೌಕೆ ಇಳಿಸಿದ್ದವು. ಅದು ಜಿಗಿಯುತ್ತದೆ, ಹಾಗಾಗಿ ಮೀನಿನ ಹಾಗೇ ಅಂದಿತು ಫ್ರಾನ್ಸ್. ಹಾಗಾದರೆ ಕಾಂಗರೂ ಹಕ್ಕಿಯೇ ಅಂದಿತು ಬ್ರೆಜಿಲ್.

ನಮ್ಮಲ್ಲಿ ನಾಟಿ ಸಮಯಕ್ಕೆ ಗದ್ದೆ ಏಡಿ ಬರುತ್ತದೆ. ನಮ್ಮ ಬದುವಿನಲ್ಲಿ ಬಿಲ, ಪಕ್ಕದವರ ಗದ್ದೆಯಲ್ಲಿ ಓಡಾಟ. ಕೈ ಹಾಕಿದರೆ ಅಡ್ಡಡ್ಡ ಓಡಿ ಎರಡೂ ಗದ್ದೆ ದಾಟಿ ತೋಡಿಗೆ ಬೀಳುತ್ತದೆ. ಪಕ್ಕದ ಗದ್ದೆಯ ಅಂಕಲ್ ನೇವಿಯಿಂದ ರಿಟೈರ್ ಆದವರು, ಸಮುದ್ರದ ವಿಷಯ ತಿಳಿದವರು. ಇದು ಯಾರದ್ದು ಅಂಕಲ್ ಅಂತ ಕೇಳಿದೆ.

“ಹಿಡಿದವನದ್ದು ಮಗಾ. ಕೋರ್ಟಿಗೆ ಹೋದರೆ ತೀರ್ಪು ಬರುವಷ್ಟರಲ್ಲಿ ಸಾರು ಹಳಸುತ್ತದೆ.”

ತೀರ್ಪು ಬಂದರೂ ಏನು? 2021ರಲ್ಲಿ ಸೊಮಾಲಿಯಾ ಜೊತೆಗಿನ ಕೇಸಿನಲ್ಲಿ ಕೀನ್ಯಾ ವಿಚಾರಣೆಗೇ ಹೋಗಲಿಲ್ಲ, ತೀರ್ಪು ಬಂದ ಮೇಲೆ ಒಪ್ಪಲೂ ಇಲ್ಲ. ರಷ್ಯಾದ್ದು ಇನ್ನೂ ನೇರ ದಾರಿ. 2007ರಲ್ಲಿ ಉತ್ತರ ಧ್ರುವದ ಕೆಳಗೆ ನಾಲ್ಕು ಕಿಲೋಮೀಟರಿಗೂ ಆಳದಲ್ಲಿ ಟೈಟಾನಿಯಂ ಬಾವುಟ ನೆಟ್ಟು ಬಂತು. ನೋಡುವವರು ಮೀನುಗಳು ಮಾತ್ರ, ಅವುಗಳ ಪೌರತ್ವ ಇನ್ನೂ ತೀರ್ಮಾನವಾಗಿಲ್ಲ.

ಹೇಗ್‌ನಲ್ಲಿ ಕೇಸು ಹಾಕಲು ದೇಶಗಳಿಗೆ ಮಾತ್ರ ಅವಕಾಶ, ಜಿಲ್ಲೆಗಳಿಗಿಲ್ಲ. ಪರವಾಗಿಲ್ಲ. 200 ಮೈಲಿ ಆಚೆ ತೈಲ ತೆಗೆದವರು ಮೊದಲ ಐದು ವರ್ಷ ಬಿಟ್ಟು, ಆಮೇಲೆ ಶೇಕಡಾ 1ರಿಂದ ಶುರುಮಾಡಿ 7ರವರೆಗೆ ಜಮೈಕಾದಲ್ಲಿರುವ ಅಂತರರಾಷ್ಟ್ರೀಯ ಕಡಲತಳ ಪ್ರಾಧಿಕಾರಕ್ಕೆ ಕಟ್ಟಬೇಕು, ಅದನ್ನು ಹಂಚುವಾಗ ಕಡಲಿಲ್ಲದ ಬಡ ದೇಶಗಳನ್ನೂ ನೆನೆಯಬೇಕು ಅಂತ ಒಪ್ಪಂದದಲ್ಲೇ ಇದೆ. ಕಡಲಿಲ್ಲದ ಬಡ ಜಿಲ್ಲೆ ಅಂತ ಒಂದು ಸಾಲು ಸೇರಿಸಿದರೆ ಕೇಸೇ ಬೇಡ. ಅರ್ಜಿ ಬರೆದಾಗಿದೆ, ಅಂಕಲ್ ಸಹಿಯೂ ಆಗಿದೆ. ಜೊತೆಗೆ ನಕ್ಷೆ ಬೇಕಂತೆ. ಮಳೆ ನಿಂತ ಮೇಲೆ ಬರುತ್ತೇವೆ ಅಂದಿದ್ದಾರೆ ಸರ್ವೆಯವರು.