ಅತಿಥಿಯ ಕುರ್ಚಿ ಎಲ್ಲಿರಬೇಕು?

ನಿನ್ನೆ ಸಂಜೆ ಅಕ್ಕನ ಮಗಳು ಓದುತ್ತಿರುವ ವಿಶ್ವವಿದ್ಯಾಲಯದಲ್ಲಿ ಟ್ರಾಂಬೋನ್ ವೃಂದದ ಕಛೇರಿ ಇತ್ತು. ಹದಿನಾಲ್ಕು ವಿದ್ಯಾರ್ಥಿಗಳು, ಇಬ್ಬರು ಅತಿಥಿಗಳು. ವೇದಿಕೆಯ ಮೇಲೆ ಟ್ರಾಂಬೋನ್ ಬಿಟ್ಟರೆ ಬೇರೆ ವಾದ್ಯವೇ ಇರಲಿಲ್ಲ. ಒಂದೂಕಾಲು ಗಂಟೆ ಕೇಳಿ ಬಂದೆ. ಒಂದು ವಿಷಯ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದೀತು.

ಟ್ರಾಂಬೋನ್ ಅಂದರೆ ಬ್ಯಾಂಡಿನಲ್ಲಿ ಕೊಳವೆ ಹಿಂದೆ ಮುಂದೆ ಎಳೆದು ಜೋರಾಗಿ ಊದುವ ಹಿತ್ತಾಳೆ ವಾದ್ಯ ಅಂತ ಮಾತ್ರ ಎಷ್ಟೋ ಜನಕ್ಕೆ ಗೊತ್ತು. ಅದನ್ನು ಕಲಿಯುವವರ ದಿನಚರಿಯಲ್ಲಿ ಊದುವುದಕ್ಕಿಂತ ಕಾಯುವುದೇ ಹೆಚ್ಚು ಅನ್ನುವುದು ನನಗೂ ಈ ಹುಡುಗಿ ಹೇಳುವವರೆಗೆ ಗೊತ್ತಿರಲಿಲ್ಲ. ಬೀಥೋವನ್ನನ ಐದನೇ ಸಿಂಫನಿ 1808ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ಕೇಳಿಬಂತು. ಅದರಲ್ಲಿ ಮೂರು ಟ್ರಾಂಬೋನ್ ಇವೆ, ಆದರೆ ಅವು ಸೊಲ್ಲೆತ್ತುವುದು ಕೊನೆಯ ಭಾಗದಲ್ಲಿ. 1876ರಲ್ಲಿ ಬಂದ ಬ್ರಾಮ್ಸ್‌ನ ಮೊದಲ ಸಿಂಫನಿಯಲ್ಲೂ ಹಾಗೇ. ಮೂರು ಭಾಗ ಮುಗಿಯುವ ತನಕ ಸುಮ್ಮನೆ ಕೂತು, ತುಟಿ ತಣ್ಣಗಾದ ಮೇಲೆ, ನಾಲ್ಕನೆಯದರಲ್ಲಿ ಮೆಲುದನಿಯ ಒಂದು ಕೋರಲ್ (ಪ್ರಾರ್ಥನಾಗೀತೆಯಂಥ ನಿಧಾನದ ಭಾಗ) ಅನ್ನು ಒಂದು ಕೂದಲೂ ಅಲುಗದಂತೆ ನುಡಿಸಬೇಕು. ಆರ್ಕೆಸ್ಟ್ರಾದಲ್ಲಿ ಸಾಲಿಗೆ ಮೂರೇ ಕುರ್ಚಿ. ಉಳಿದ ವಿದ್ಯಾರ್ಥಿಗಳು ಏನು ಮಾಡಬೇಕು?

ಅದಕ್ಕೇ ಈ ವೃಂದಗಳು. ಇಲ್ಲಿ ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಎಲ್ಲರಿಗೂ ಕೆಲಸ. ಒಂದು ಕೃತಿಯಲ್ಲಿ ಮೇಲಿನ ರಾಗದ ಎಳೆ ಹಿಡಿದವಳು ಮುಂದಿನ ಕೃತಿಯಲ್ಲಿ ನಡುವಿನ ಆಸರೆಯ ಸ್ವರಕ್ಕೆ ಹೋಗುತ್ತಾಳೆ. ತಳದ ಸ್ವರ ಹಿಡಿದ ಬಾಸ್ ಟ್ರಾಂಬೋನಿನ ಮೇಲೆ ಇಡೀ ಗುಂಪು ನಿಲ್ಲುತ್ತದೆ.

ಈ ವಾದ್ಯದ ಕಷ್ಟವೂ ಚೆಂದವೂ ಇರುವುದು ಸ್ಲೈಡಿನಲ್ಲಿ, ಅಂದರೆ ಆ ಎಳೆಯುವ ಕೊಳವೆಯಲ್ಲಿ. ಅದನ್ನು ನಿಲ್ಲಿಸುವ ಜಾಗ, ಅಂದರೆ ಪೊಸಿಷನ್, ಏಳು; ಹೊರಗೆಳೆದಂತೆ ಒಂದೊಂದಕ್ಕೂ ಅರ್ಧ ಸ್ವರ ಕೆಳಗಿಳಿಯುತ್ತದೆ. ಆದರೆ ಸ್ಲೈಡಿನ ಮೇಲೆ ಗೆರೆ ಇಲ್ಲ, ಗುರುತಿಲ್ಲ. ಪಿಟೀಲಿನ ಹಾಗೆ, ಜಾಗವನ್ನು ಕೈ ಕಲಿಯಬೇಕು, ಕಿವಿ ಒಪ್ಪಬೇಕು. ನಾಲ್ಕು ಟ್ರಾಂಬೋನ್ ಸೇರಿ ಒಂದು ಮೇಜರ್ ಕಾರ್ಡ್ (ಷಡ್ಜ, ಗಾಂಧಾರ, ಪಂಚಮ ಒಟ್ಟಿಗೆ) ನುಡಿಸುವಾಗ ಗಾಂಧಾರ ಹಿಡಿದವರು ಪಿಯಾನೋದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗೆ ನಿಂತರೆ ಕಾರ್ಡ್ ಶುದ್ಧವಾಗುತ್ತದೆ. ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಹದಿನಾಲ್ಕು ಪಾಲು. ಸ್ಲೈಡಿನ ಮೇಲೆ ಅದು ಹೆಚ್ಚುಕಡಿಮೆ ಒಂದು ಬೆರಳಿನ ಅಗಲ. ನಿನ್ನೆ ಎರಡನೇ ಸಾಲಿನಲ್ಲಿ ಕೂತಿದ್ದ ನನಗೆ ಅದು ಕಣ್ಣಿಗೇ ಕಂಡಿತು. ಕಾರ್ಡ್ ಶುರುವಾದಾಗ ಗಾಳಿಯಲ್ಲಿ ಒಂದು ಸಣ್ಣ ನಡುಕ, ಆಮೇಲೆ ಒಬ್ಬ ಹುಡುಗನ ಮಣಿಕಟ್ಟು ಇಷ್ಟೇ ಇಷ್ಟು ಮುಂದೆ ಸರಿಯಿತು, ನಡುಕ ನಿಂತಿತು, ಸಭಾಂಗಣ ತುಂಬಿಕೊಂಡಿತು. ಶ್ರುತಿ ಸೇರುವುದು ಅಂದರೇನು ಅಂತ ಯಾರಿಗಾದರೂ ತೋರಿಸಬೇಕಾದರೆ ನಾನು ಆ ಮಣಿಕಟ್ಟನ್ನು ತೋರಿಸುತ್ತೇನೆ.

ಇನ್ನು ಅತಿಥಿಗಳ ವಿಷಯ. ನನ್ನ ತಕರಾರು ಇರುವುದೂ, ನಿನ್ನೆಯ ಸಂತೋಷ ಇರುವುದೂ ಇಲ್ಲೇ.

ಎರಡು ವರ್ಷದ ಹಿಂದೆ ಇನ್ನೊಂದು ಕಡೆ ಇಂಥದ್ದೇ ಕಛೇರಿಗೆ ಹೋಗಿದ್ದೆ. ಪೋಸ್ಟರ್ ತುಂಬ ಅತಿಥಿಯ ಮುಖ. ವಿದ್ಯಾರ್ಥಿಗಳು ಮೊದಲು ಎರಡು ಚಿಕ್ಕ ಕೃತಿ ನುಡಿಸಿ ಎದ್ದು ಹೋದರು. ಆಮೇಲೆ ಬಂದ ಅತಿಥಿ ಪಿಯಾನೋ ಜೊತೆ ಬಹಳ ಸೊಗಸಾಗಿ ನುಡಿಸಿ, ಹೂಗುಚ್ಛ ತೆಗೆದುಕೊಂಡು ಹೊರಟರು. ಅವರ ವಾದನದಲ್ಲಿ ಕೊರತೆಯೇನೂ ಇರಲಿಲ್ಲ. ಆದರೆ ತಿಂಗಳುಗಟ್ಟಲೆ ತಾಲೀಮು ಮಾಡಿದ ಮಕ್ಕಳು ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಅತಿಥಿಗೂ ಅವರಿಗೂ ನಡುವೆ ಒಂದೇ ಒಂದು ಸ್ವರದ ವಿನಿಮಯವೂ ಆಗಲಿಲ್ಲ. ಅಂಥ ಕಾರ್ಯಕ್ರಮವನ್ನು ವಿಶ್ವವಿದ್ಯಾಲಯ ಏಕೆ ನಡೆಸಬೇಕು ಅನ್ನುವ ಪ್ರಶ್ನೆ ಅವತ್ತಿನಿಂದ ನನ್ನಲ್ಲೇ ಉಳಿದಿತ್ತು.

ನಿನ್ನೆ ಬೇರೆ ಥರ ನಡೆಯಿತು. ಅತಿಥಿಗಳಲ್ಲಿ ಒಬ್ಬರು ಜಾಝ್ ವಾದಕರು. ಬಟ್ಟಲಿನಂಥ ರಬ್ಬರ್ ಪ್ಲಂಜರನ್ನು ಬೆಲ್ ಮುಂದೆ, ಅಂದರೆ ವಾದ್ಯದ ಅಗಲ ಬಾಯಿಯ ಮುಂದೆ, ಹಿಡಿದು, ತೆರೆದು ಮುಚ್ಚಿ, ವಾದ್ಯಕ್ಕೆ ಮಾತು ಬರಿಸಿದರು. ಒಂದು ಕೃತಿ ಒಬ್ಬರೇ ನುಡಿಸಿದರು, ಮುಂದಿನದರಲ್ಲಿ ವಿದ್ಯಾರ್ಥಿಗಳಿಗೆ ನಾಲ್ಕು ನಾಲ್ಕು ಬಾರ್ (ತಾಳದ ಆವರ್ತದಂಥ ಅಳತೆ) ಬಿಟ್ಟುಕೊಟ್ಟು ಅವರಿಂದ ಉತ್ತರ ತೆಗೆಸಿದರು. ಒಬ್ಬ ಹುಡುಗ ತಡವರಿಸಿ ನಿಂತಾಗ ಅವನು ಕೊನೆಗೆ ಊದಿದ ಸ್ವರವನ್ನೇ ಎತ್ತಿಕೊಂಡು ಮುಂದುವರಿಸಿದರು. ಅವನ ಮುಖ ಅರಳಿತು.

ಇನ್ನೊಬ್ಬರು ಸಿಂಫನಿ ಆರ್ಕೆಸ್ಟ್ರಾದಲ್ಲಿರುವ ಬಾಸ್ ಟ್ರಾಂಬೋನ್ ವಾದಕಿ. ಅವರನ್ನು ನೋಡುವಾಗ ಟ್ರಾಂಬೋನ್ ವಾದಕಿ ಆಬೀ ಕೊನಾಂಟ್ ನೆನಪಾದರು. 1980ರಲ್ಲಿ ಜರ್ಮನಿಯ ಮ್ಯೂನಿಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಆಯ್ಕೆಯಲ್ಲಿ ಪರದೆಯ ಹಿಂದೆ ನುಡಿಸಿ ಗೆದ್ದವರು. ಪರದೆ ಸರಿದ ಮೇಲೆ ಹೆಣ್ಣೆಂದು ಗೊತ್ತಾಗಿ, ಮುಂದೆ ಮೊದಲ ಸ್ಥಾನದಿಂದ ಎರಡನೆಯದಕ್ಕೆ ಇಳಿಸಿದರು. ಶ್ವಾಸಕೋಶದ ಪರೀಕ್ಷೆಗೂ ಒಳಗಾಗಬೇಕಾಯಿತು. ನ್ಯಾಯಾಲಯದ ಹೋರಾಟ 1993ರವರೆಗೆ ನಡೆದು, ಗೆದ್ದರು. ನಿನ್ನೆಯ ವೃಂದದ ಹದಿನಾಲ್ಕರಲ್ಲಿ ಐದು ಹುಡುಗಿಯರು. ತಮ್ಮ ಸಾಲಿನಲ್ಲೇ ಇಂಥ ಒಬ್ಬರು ಕೂತದ್ದು ಅವರಿಗೆ ಏನು ಅನ್ನುವುದನ್ನು ನಾನು ವಿವರಿಸಬೇಕಿಲ್ಲ.

ಹೌದು, ಸಾಲಿನಲ್ಲೇ ಕೂತರು. ತಮ್ಮ ಏಕವ್ಯಕ್ತಿ ವಾದನ ಮುಗಿಸಿ ಚಪ್ಪಾಳೆ ಇನ್ನೂ ನಡೆಯುತ್ತಿರುವಾಗಲೇ, ಸ್ಟ್ಯಾಂಡನ್ನು ತಾವೇ ಎತ್ತಿಕೊಂಡು ಹಿಂದೆ ಹೋಗಿ, ತಂಡದ ಅತಿ ಕಿರಿಯ ವಿದ್ಯಾರ್ಥಿಯ ಪಕ್ಕದ ಕುರ್ಚಿ ಹಿಡಿದರು. ಆ ಕಿರಿಯ ವಿದ್ಯಾರ್ಥಿ ನಮ್ಮ ಹುಡುಗಿ. ನಾಲ್ಕು ಟ್ರಾಂಬೋನಿಗಾಗಿ ಬೀಥೋವನ್ ಬರೆದ ಈಕ್ವಾಲಿಗಳಲ್ಲಿ ಒಂದನ್ನು ಶುರು ಮಾಡಿದರು. 1812ರಲ್ಲಿ ಅವನು ಆಸ್ಟ್ರಿಯಾದ ಲಿಂಟ್ಸ್‌ ಊರಿನಲ್ಲಿ ತಮ್ಮನ ಮನೆಯಲ್ಲಿದ್ದಾಗ, ಅಲ್ಲಿನ ಕತೀಡ್ರಲಿನ ಸಂಗೀತ ನಿರ್ದೇಶಕ ಕೇಳಿಕೊಂಡರೆಂದು, ಸತ್ತವರನ್ನು ನೆನೆಯುವ ನವೆಂಬರ್ 2ರ ದಿನಕ್ಕಾಗಿ ಬರೆದದ್ದು. ಹದಿನೈದು ವರ್ಷದ ನಂತರ ಅವನ ಅಂತ್ಯಯಾತ್ರೆಯಲ್ಲೇ ಅವುಗಳಲ್ಲಿ ಎರಡು ಕೇಳಿಬಂದವು. ಈಕ್ವಾಲೆ ಅಂದರೆ ಸಮಾನ ಧ್ವನಿಗಳು. ಒಂದೇ ಜಾತಿಯ ವಾದ್ಯಗಳಿಗೆ ಬರೆದದ್ದು ಅಂತ ಅದರ ಅರ್ಥ. ಆದರೆ ನಿನ್ನೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆರ್ಕೆಸ್ಟ್ರಾದಲ್ಲಿ ನುಡಿಸಿದವರೂ ಮೊದಲ ವರ್ಷದ ಹುಡುಗಿಯೂ ಒಂದೇ ತೂಕದಲ್ಲಿ ಊದಿದಾಗ, ಆ ಪದಕ್ಕೆ ಇನ್ನೊಂದು ಅರ್ಥವೂ ಇದೆ ಅನ್ನಿಸಿತು.

ಕಛೇರಿ ಏರ್ಪಡಿಸುವ ಅಧ್ಯಾಪಕರೇ, ನನ್ನ ಕೋರಿಕೆ ಇಷ್ಟೇ. ಅತಿಥಿಯನ್ನು ಕರೆಯುವಾಗಲೇ, ವಿದ್ಯಾರ್ಥಿಗಳ ನಡುವೆ ಒಂದು ಕುರ್ಚಿ ಅವರಿಗೆ ಇದೆ ಅಂತ ಹೇಳಿಬಿಡಿ. ತಾಲೀಮಿಗೆ ಒಂದು ದಿನ ಮುಂಚೆ ಬರಲು ಕೇಳಿ. ಪೋಸ್ಟರಿನಲ್ಲಿ ಮಕ್ಕಳ ಹೆಸರನ್ನೂ ಓದಲು ಬರುವಷ್ಟು ದೊಡ್ಡದಾಗಿ ಹಾಕಿ. ಮಾಸ್ಟರ್‌ಕ್ಲಾಸಿನಲ್ಲಿ ಎರಡು ತಾಸು ಹೇಳಿದ್ದು ಮರೆತುಹೋಗಬಹುದು. ಪಕ್ಕದಲ್ಲಿ ಕೂತವರ ಉಸಿರು ಮೈಗೆ ಹತ್ತುತ್ತದೆ. ಕೇಳುಗರೂ ಬನ್ನಿ. ನಿನ್ನೆ ಅರ್ಧ ಸಭಾಂಗಣ ಖಾಲಿಯಿತ್ತು, ಅದು ನನಗೆ ನಿಜಕ್ಕೂ ನೋವಾಯಿತು.

ಕೊನೆಗೆ ಎಲ್ಲರೂ ಸೇರಿ, ಬ್ರುಕ್ನರ್ 1869ರಲ್ಲಿ ಅದೇ ಲಿಂಟ್ಸ್‌ಗಾಗಿ ನಾಲ್ಕು ಧ್ವನಿಗಳಿಗೆ ಬರೆದ ‘ಲೋಕುಸ್ ಇಸ್ತೆ’ ಅನ್ನುವ ಚರ್ಚಿನ ಹಾಡನ್ನು ಟ್ರಾಂಬೋನಿಗೆ ಒಗ್ಗಿಸಿ ನುಡಿಸಿದರು. ಅದರ ಕೊನೆಯ ಸಾಲಿಗೆ ಮುಂಚೆ ಎಲ್ಲ ಧ್ವನಿಗಳೂ ಒಟ್ಟಿಗೆ ನಿಲ್ಲುವ ಒಂದು ಮೌನವಿದೆ. ಹದಿನಾರು ಸ್ಲೈಡುಗಳು ಅಲ್ಲಾಡದೆ ನಿಂತವು. ಆಮೇಲೆ ಎಲ್ಲವೂ ಒಂದೇ ಕ್ಷಣಕ್ಕೆ ಹೊರಟವು.

ಮುಗಿದ ಮೇಲೆ ಹಿಂದಿನ ಕೋಣೆಗೆ ಹೋದೆ. ನಮ್ಮ ಹುಡುಗಿ ಸ್ಲೈಡಿನ ತುದಿಯ ಕೀಲಿ ಒತ್ತಿ ಒಳಗೆ ಕಟ್ಟಿದ್ದ ನೀರನ್ನು ಊದಿ ತೆಗೆಯುತ್ತಿದ್ದಳು. ಕೈ ಇನ್ನೂ ಸ್ವಲ್ಪ ನಡುಗುತ್ತಿತ್ತು.

“ಚಿಕ್ಕಮ್ಮ, ಆ ಗ್ಯಾಪ್ ಆದ ಮೇಲೆ ಯಾವಾಗ ಶುರು ಮಾಡಬೇಕು ಅಂತ ತಾಲೀಮಲ್ಲಿ ನನಗೆ ಒಂದು ಸಲಾನೂ ಸರಿಯಾಗಿ ಸಿಕ್ಕಿರಲಿಲ್ಲ,” ಅಂದಳು. “ಇವತ್ತು ಅವರು ಉಸಿರು ತಗೊಂಡಿದ್ದು ಕೇಳಿಸ್ತು. ನಾನೂ ಅಲ್ಲೇ ತಗೊಂಡೆ.”